ನಿಮ್ಮ ಕಂಪ್ಯೂಟರ್ ಕಪ್ಪಾ, ಬಿಳಿಯಾ?

“ಇದೆಂತ ಮಾರಾಯ್ರೆ, ಅರ್ಧ ಕಾರ್ಡು ಖಾಲಿ ಬಿಟ್ಟು ಕಳ್ಸಿದೀರಿ? ಕಣ್ಣು ಮುಚ್ಕೊಂಡು ಡಿಸೈನ್ ಮಾಡಿದ್ರಾ ಎಂತ ಕತೆ?”

ರಿಪ್ಪನ್‌ಪೇಟೆಯ ನನ್ನ ಅಂಗಡಿಯ ಶಟರ್ ಎತ್ತಿ, ದೇವರ ಪಟಕ್ಕೆ ಊದುಬತ್ತಿ ಹಚ್ಚುವಷ್ಟರಲ್ಲಿ ಬಂದ ಫೋನು ಇದು. ವ್ಯಾಪಾರದ ಬೋಣಿ ಆಗುವ ಮೊದಲೇ ಬೈಗುಳದ ಬೋಣಿ ಆಯಿತು.

ಫೋನ್ ಮಾಡಿದವರು ತೀರ್ಥಹಳ್ಳಿಯ ನಾಗರಾಜ. ಅಲ್ಲಿ ಜೆರಾಕ್ಸ್ ಮತ್ತು ಫೋಟೋ ಅಂಗಡಿ ಇಟ್ಟುಕೊಂಡಿದ್ದಾರೆ. ಮದುವೆ ಗಂಡಿನ ಚಿಕ್ಕಪ್ಪ. ಹೆಣ್ಣಿನ ಕಡೆಯವರು ಹೊಸನಗರದ ಹತ್ತಿರದವರು. ಎರಡೂ ಮನೆಗೆ ಸೇರಿ ಒಂದೇ ಲಗ್ನಪತ್ರಿಕೆ. ಡಿಸೈನ್ ನನ್ನದು, ಪ್ರಿಂಟ್ ಮಾಡಿಸುವ ಜವಾಬ್ದಾರಿ ನಾಗರಾಜರದ್ದು. ಬಣ್ಣದ ಕಾರ್ಡಿನ ಮೇಲೆ ಬಿಳಿ ಶಾಯಿ ಹೊಡೆಯುವ ಪ್ರೆಸ್ಸಿನವರು ಅವರಿಗೆ ಪರಿಚಯ. ಹಾಗಾಗಿ ಹಿಂದಿನ ಸಂಜೆ ಅವರಿಗೆ ಫೈಲ್ ಮೇಲ್ ಮಾಡಿದ್ದೆ.

ನಾನು ಊದುಬತ್ತಿ ಕೈಯಲ್ಲಿ ಹಿಡಿದುಕೊಂಡೇ ಕಂಪ್ಯೂಟರ್ ಆನ್ ಮಾಡಿದೆ. ಕಳಿಸಿದ ಫೈಲನ್ನೇ ತೆರೆದೆ. ಕೆಳಗೆ ಚಿನ್ನದ ಬಣ್ಣದಲ್ಲಿ ವಧೂವರರ ಹೆಸರು, ಮುಹೂರ್ತ, ಛತ್ರದ ವಿಳಾಸ. ಮೇಲೆ ಬೆಳ್ಳಗೆ, ದಾರ ಕಟ್ಟಿ ಎಳೆದ ಹಾಗೆ ಚಿತ್ತಾರ. ಎಲ್ಲ ಇದೆ!

“ಇದೆಯಲ್ಲ ನಾಗರಾಜಣ್ಣ, ನನ್ನ ಕಣ್ಣೆದುರಿಗೇ ಇದೆ.”

“ನನ್ನ ಕಣ್ಣೆದುರಿಗೆ ಇಲ್ಲ. ಅಕ್ಷರ ಇದೆ. ಚಿತ್ರ ಇಲ್ಲ.”

“ಸರಿಯಾಗಿ ನೋಡಿ.”

“ನಮಗೆಂತ ಪೊರೆ ಬಂದಿದ್ಯಾ?”

ಮತ್ತೆ ಕಳಿಸಿದೆ. ಮತ್ತೆ ಖಾಲಿಯಂತೆ. ಹಾಗಾದರೆ ನಿಮ್ಮ ಸ್ಕ್ರೀನಿನ ಒಂದು ಫೋಟೋ ತೆಗೆದು ಕಳಿಸಿ ಎಂದೆ. “ಖಾಲಿ ಜಾಗದ ಫೋಟೋ ಎಂತ ತೆಗೀಲಿ ಮಾರಾಯ್ರೆ? ನಾಳೆ ಸಂಜೆ ಪ್ರೆಸ್ಸಿಗೆ ಹೋಗ್ಬೇಕು. ನೀವು ತಲೆಬಿಸಿ ಮಾಡ್ಕೋಬೇಡಿ. ಆ ಜಾಗಕ್ಕೆ ನಾನೇ ಒಂದು ರೆಡಿಮೇಡ್ ಗಣಪತಿ ಕೂರಿಸ್ತೀನಿ. ನನ್ನ ಹತ್ರ ಚಂದ ಚಂದದ್ದು ಇದಾವೆ” ಎಂದು ಇಟ್ಟೇಬಿಟ್ಟರು.

ಗಣಪತಿಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಆ ಜಾಗ ಗಣಪತಿಯದ್ದಲ್ಲ. ಯಶೋದಕ್ಕನದ್ದು.

ಯಶೋದಕ್ಕ ಅಂದರೆ ಹೆಣ್ಣಿನ ತಾಯಿ. ನಮ್ಮ ದೀವರ ಮನೆಗಳಲ್ಲಿ ಮದುವೆ ಅಂದರೆ ಹಸೆ ಗೋಡೆ ಬರೆಯಬೇಕು, ನಿಮಗೆ ಗೊತ್ತಲ್ಲ. ಗೋಡೆಗೆ ಕೆಮ್ಮಣ್ಣು ಸಾರಿಸಿ, ಅದು ಒಣಗಿದ ಮೇಲೆ ಅಕ್ಕಿ ಅರೆದ ಬಿಳಿಯಲ್ಲಿ, ಪುಂಡಿ ನಾರಿನ ಕುಂಚ ಅದ್ದಿ ಎಳೆ ಎಳೆಯಾಗಿ ಚಿತ್ತಾರ ಬರೆಯುತ್ತಾರೆ. ಗಂಡು ಹೆಣ್ಣನ್ನು ಆ ಗೋಡೆಯ ಮುಂದೆ ಹಸೆಗೆ ಕೂರಿಸುತ್ತಾರೆ. ಹೊಸನಗರದ ಆಚೀಚೆ ಯಾರ ಮನೆಯಲ್ಲಿ ಮದುವೆಯಾದರೂ ಯಶೋದಕ್ಕನಿಗೆ ಹೇಳಿಕೆ ಹೋಗುತ್ತಿತ್ತು. ಊರಿನ ಅರ್ಧ ಹೆಣ್ಣುಮಕ್ಕಳು ಆಕೆ ಬರೆದ ಗೋಡೆಯ ಮುಂದೆ ಕೂತು ಗಂಡನ ಮನೆಗೆ ಹೋದವರು.

ಈಗ ಸ್ವಂತ ಮಗಳು ಸುಮಾಳ ಮದುವೆ. ಆಕೆಯ ಬಲಗೈ ಭುಜದಿಂದ ಮೇಲೆ ಏಳುವುದಿಲ್ಲ! ಭುಜ ಹಿಡಿದುಕೊಂಡಿದೆ. ಶಿವಮೊಗ್ಗದ ಡಾಕ್ಟರಿಗೆ ತೋರಿಸಿದ್ದಾಯಿತು, ಎಣ್ಣೆ ತಿಕ್ಕಿಸಿದ್ದಾಯಿತು. ಗೋಡೆ ಬರೆಯುವ ಮಾತೇ ಇಲ್ಲ. ಮೇಜಿನ ಮೇಲೆ ಕೈಯಿಟ್ಟುಕೊಂಡು ಹಾಳೆಯ ಮೇಲಾದರೆ ನಿಧಾನಕ್ಕೆ ಬರೆಯಬಹುದು. ಹಾಗೆ ಬರೆದು, ಕೆಂಪು ಹಾಳೆಯನ್ನು ಸುರುಳಿ ಸುತ್ತಿ, ಸೀರೆಯ ಸೆರಗಿನಲ್ಲಿ ಮಗು ತಂದ ಹಾಗೆ ನನ್ನ ಅಂಗಡಿಗೆ ತಂದಿದ್ದರು. “ಗೋಡೆ ಮೇಲಂತೂ ಆಗ್ಲಿಲ್ಲ. ಕಾರ್ಡಿನ ಮೇಲಾದ್ರೂ ನನ್ನ ಕೈಯದ್ದು ಇರ್ಲಿ ಕಣಾ” ಎಂದಿದ್ದರು.

ಇದನ್ನು ತೆಗೆದು ಅಲ್ಲಿ ರೆಡಿಮೇಡ್ ಚಿತ್ರ ಅಂಟಿಸುವುದೇ? ಹೇಳಿ ನೋಡೋಣ!

ಇಲ್ಲಿ ನನ್ನ ಬಗ್ಗೆ ಎರಡು ಮಾತು ಹೇಳಬೇಕು. ನಾನು ಶಾಲೆ ಬಿಟ್ಟಿದ್ದು ಏಳನೇ ಕ್ಲಾಸಿನಲ್ಲಿ. (ಶಾಲೆಯೇ ನನ್ನನ್ನು ಬಿಟ್ಟಿತು ಅಂತ ಮೇಷ್ಟ್ರು ಹೇಳುತ್ತಿದ್ದರು. ಇರಲಿ.) ಇದನ್ನು ನಾಚಿಕೆಪಟ್ಟುಕೊಂಡು ಹೇಳುತ್ತಿಲ್ಲ. ಬ್ರಷ್ ಹಿಡಿದೆ, ಬೋರ್ಡ್ ಬರೆದೆ, ಮನೆ ನಡೆಯಿತು. ಸಾಗರದ ಪೇಟೆಯಲ್ಲಿ, ವರದಹಳ್ಳಿಗೆ ತಿರುಗುವ ದಾರಿಯಲ್ಲಿ, ಹೊಸನಗರದ ಬಸ್ ಸ್ಟ್ಯಾಂಡಿನ ಹತ್ತಿರ ನಾನು ಬರೆದ ಬೋರ್ಡುಗಳು ಈಗಲೂ ಇವೆ. ಬಣ್ಣ ಮಾಸಿದೆ, ಅಕ್ಷರ ಅಲುಗಿಲ್ಲ. ಆಮೇಲೆ ಫ್ಲೆಕ್ಸ್ ಬಂತು. ಬ್ರಷ್ ಬಿಟ್ಟು ಮೌಸ್ ಹಿಡಿದೆ. ಯಾವ ಕೋರ್ಸಿಗೂ ಹೋಗಲಿಲ್ಲ. ಕಂಪ್ಯೂಟರ್ ನನಗೆ ಎರರ್ ತೋರಿಸಿತು, ನಾನು ಅದಕ್ಕೆ ಬೈದೆ. ಹೀಗೆ ಬೈದಾಡಿಕೊಂಡೇ ಇಬ್ಬರೂ ಒಗ್ಗಿಕೊಂಡೆವು.

ಹೀಗಿರುವಾಗ ನನ್ನ ಕೆಲಸವನ್ನು ಒಬ್ಬರು ‘ಖಾಲಿ’ ಅಂದರೆ ಹೇಗಾಗಬೇಡ? ತಪ್ಪಿದೆ ಅನ್ನಿ, ತಿದ್ದುತ್ತೇನೆ. ಚಂದ ಇಲ್ಲ ಅನ್ನಿ, ವಾದ ಮಾಡುತ್ತೇನೆ. ಖಾಲಿ ಅಂದರೆ?

ಮಧ್ಯಾಹ್ನದ ಹೊತ್ತಿಗೆ ಯಶೋದಕ್ಕ ಅಂಗಡಿಗೆ ಬಂದರು. ಸಂತೆಗೆ ಬಂದವರು, ಕಾರ್ಡ್ ಎಲ್ಲಿಗೆ ಬಂತು ಅಂತ ಕೇಳಲು ಹೊಕ್ಕರು. ನಾನು ವಿಷಯ ಮುಚ್ಚಿಡಬಹುದಿತ್ತು. ನನ್ನ ಬಾಯಿ ಅಂಥದ್ದಲ್ಲ. ಹೇಳಿದೆ.

ಆಕೆ ಚೀಲ ಕೆಳಗಿಟ್ಟು ಸ್ಟೂಲಿನ ಮೇಲೆ ಕೂತರು. ನಾನು ಸ್ಕ್ರೀನ್ ಅವರ ಕಡೆ ತಿರುಗಿಸಲು ಹೋದೆ. “ನನಗೆಂತಕ್ಕೆ ತೋರಿಸ್ತೀಯ? ಬರ್ದವಳು ನಾನು. ನನಗೆ ಗೊತ್ತಿಲ್ವಾ ಇದೆ ಅಂತ?” ಎಂದು, ಎಡಗೈಯಲ್ಲಿ ಮೊಬೈಲ್ ತೆಗೆದು ಬೀಗಿತ್ತಿಗೇ ಹಚ್ಚಿಬಿಟ್ಟರು. ಬೀಗಿತ್ತಿ ಅಂದರೆ ಗಂಡಿನ ತಾಯಿ, ನಾಗರಾಜರ ಅತ್ತಿಗೆ ಶಾರದಮ್ಮ.

“ಎಂತ ಶಾರದಮ್ಮ, ನನ್ನ ಮಗಳು ನಿಮಗೆ ಬೇಕು, ನನ್ನ ಕೈಗೆರೆ ಬೇಡ, ಅಲ್ದಾ?”

ಆ ಕಡೆಯಿಂದ ಏನೋ ಉತ್ತರ.

“ಗೊತ್ತಾತು ಬಿಡಿ. ಪೇಟೆ ಮನೆಯವ್ರು. ನಮ್ಮ ಹಳ್ಳಿ ಚಿತ್ತಾರ ಕಾರ್ಡಿನ ಮೇಲಿದ್ರೆ ಮರ್ಯಾದೆ ಹೋಗ್ತದೆ. ಬೇಡ ಅಂದಿದ್ರೆ ಆಗ್ತಿತ್ತು. ಅಳಿಸಿ ಹಾಕೋದು ಎಂತಕ್ಕೆ?”

ಈಗ ಆ ಕಡೆಯ ದನಿ ನನಗೂ ಕೇಳುವಷ್ಟು ಏರಿತು. “ನಾವ್ಯಾಕೆ ಅಳಿಸಾಣ? ಬಂದಿದ್ದೇ ಖಾಲಿ! ಬರೀದೇ ಇದ್ದಿದ್ದನ್ನ ಬರ್ದೆ ಬರ್ದೆ ಅಂತ ಊರೆಲ್ಲ ಹೇಳ್ಕೊಂಡು ತಿರುಗೋದು ನಮ್ಮ ಮನೇಲಿ ಇಲ್ಲ!”

ಫೋನ್ ಕಟ್ ಆಯಿತು. ಯಾರು ಕಟ್ ಮಾಡಿದರೋ ದೇವರೇ ಬಲ್ಲ. ಯಶೋದಕ್ಕ ಮೊಬೈಲನ್ನು ಹಾಗೇ ಹಿಡಿದುಕೊಂಡು ಕೂತರು. “ಬರೀದೇ ಇದ್ದಿದ್ದು ಅಂದ್ಳು ಕಣಾ” ಎಂದರು. ಅಷ್ಟೇ.

ಒಂದು ಕಾರ್ಡಿನ ಮೇಲ್ಭಾಗಕ್ಕೆ ಶುರುವಾದದ್ದು ಎಲ್ಲಿಗೆ ಹೋಯಿತು ನೋಡಿ! ನಾಳೆ ಮಗಳು ಆ ಮನೆಗೆ ಹೋಗಿ ಆ ಅತ್ತೆಯ ಕೈಕೆಳಗೆ ಇರಬೇಕು. ಹೋಗುವ ಮೊದಲೇ ಅಮ್ಮನಿಗೆ ಸುಳ್ಳಿ ಅನ್ನುವ ಹೆಸರು, ಅತ್ತೆಗೆ ಸೊಕ್ಕಿನವಳು ಅನ್ನುವ ಹೆಸರು. ಇಬ್ಬರ ಮಧ್ಯೆ ನಾನೊಬ್ಬ ಮೌಸ್ ಹಿಡಿದುಕೊಂಡು ಕೂತಿದ್ದೇನೆ.

ನನ್ನ ಕಂಪ್ಯೂಟರ್ ಮಾರಿದವ ಸಾಗರದ ಪ್ರಭಾಕರ. ಒಳ್ಳೆಯ ಮನುಷ್ಯ. ಒಂದೇ ದೋಷ, ಯಾವುದನ್ನೂ ಚಿಕ್ಕದಾಗಿ ಹೇಳುವುದಿಲ್ಲ. ಅವನಿಗೆ ಫೋನ್ ಮಾಡಿದೆ.

“ಅಣ್ಣ, ನಿಮ್ಮದು ಡಾರ್ಕ್ ಥೀಮ್ ಅಲ್ವಾ?”

“ನೀನೇ ಸ್ಕ್ರೀನ್ ಕಪ್ಪು ಮಾಡಿಕೊಟ್ಟಿದ್ದಲ್ವೇನೋ, ಕಣ್ಣು ಉರಿಯುತ್ತೆ ಅಂದಿದ್ದಕ್ಕೆ?”

“ಹಾಂ. ಅಲ್ಲೇ ಇರೋದು ವಿಷಯ. ನೀವು ಫೈಲಿನಲ್ಲಿ ಬ್ಯಾಕ್‌ಗ್ರೌಂಡ್ ತೆಗೆದಿದೀರಾ?”

ತೆಗೆದಿದ್ದೆ. ಪ್ರೆಸ್ಸಿನವರೇ ತೆಗೆಯಲು ಹೇಳಿದ್ದರು. ಕಾರ್ಡೇ ಕುಂಕುಮಗೆಂಪು. ಅದರ ಮೇಲೆ ಬಿಳಿ ಗೆರೆ, ಚಿನ್ನದ ಅಕ್ಷರ ಹೊಡೆದರೆ ಮುಗಿಯಿತು. ಹಾಗಾಗಿ ಯಶೋದಕ್ಕನ ಹಾಳೆಯನ್ನು ಸ್ಕ್ಯಾನ್ ಮಾಡಿ, ಕೆಂಪನ್ನೆಲ್ಲ ಚೂರೂ ಬಿಡದೆ ಕಿತ್ತು, ಬಿಳಿ ಗೆರೆಗಳನ್ನಷ್ಟೇ ಉಳಿಸಿದ್ದೆ. ಇಡೀ ದಿನದ ಕೆಲಸ. ಗೆರೆ ಒಂದೂ ಹರಿದಿರಲಿಲ್ಲ.

“ಹಂಗಾರೆ ಕೇಳಿ,” ಎಂದು ಪ್ರಭಾಕರ ಪಾಠ ಶುರು ಮಾಡಿದ. “ನಿಮ್ಮ ಫೈಲು ಈಗ ಗಾಜು ಇದ್ದ ಹಾಗೆ. ಅದಕ್ಕೆ ಸ್ವಂತ ನೆಲ ಇಲ್ಲ. ಫೋಟೋ ತೋರ್ಸೋ ಪ್ರೋಗ್ರಾಂ ಎಂತ ಮಾಡುತ್ತೆ, ಹಿಂದೆ ಯಾವ ಬಣ್ಣ ಇಡಾಣ ಅಂತ ಸಿಸ್ಟಮನ್ನ ಕೇಳುತ್ತೆ. ನೀನು ಲೈಟಾ, ಡಾರ್ಕಾ? ಡಾರ್ಕ್ ಅಂದ್ರೆ ಕಪ್ಪು ಇಡುತ್ತೆ. ಲೈಟ್ ಅಂದ್ರೆ ಬಿಳಿ ಇಡುತ್ತೆ. ನಿಮ್ಮ ಹತ್ರ ಕಪ್ಪಿನ ಮೇಲೆ ಬಿಳಿ ಗೆರೆ. ಎದ್ದು ಕಾಣುತ್ತೆ. ಅವರ ಹತ್ರ ಬಿಳಿ ಮೇಲೆ ಬಿಳಿ ಗೆರೆ. ಎಲ್ಲಿ ಕಾಣುತ್ತೆ?”

ನನಗೆ ತಲೆ ಕೆಟ್ಟಿತು. ನಾನು ಕಳಿಸಿದ ಚಿತ್ರಕ್ಕೆ ಹಿಂದೆ ಯಾವ ಬಣ್ಣ ಇಡಬೇಕು ಅಂತ ನನ್ನನ್ನು ಕೇಳಬೇಕೋ, ನೋಡುವವನ ಕಂಪ್ಯೂಟರನ್ನು ಕೇಳಬೇಕೋ? ಬೋರ್ಡ್ ಬರೆದವ ನಾನು. ನೋಡುವವ ಕರಿ ಅಂಗಿ ಹಾಕಿಕೊಂಡು ಬಂದ ಅಂತ ಬೋರ್ಡಿನ ನೆಲ ಕಪ್ಪಾಗುತ್ತದಾ?

ಈಗೀಗ ಎಲ್ಲವೂ ಹೀಗೇ. ಸೂರ್ಯ ಮುಳುಗಿದರೆ ಮೊಬೈಲ್ ತಾನೇ ಕಪ್ಪಗಾಗುತ್ತದೆ. ಕೆಲವು ಆ್ಯಪ್ ಕಪ್ಪಗಾಗುತ್ತವೆ, ಕೆಲವು ಹಟ ಹಿಡಿದು ಬೆಳ್ಳಗೇ ಇರುತ್ತವೆ. ಇನ್ನು ಕೆಲವು ಇವೆಯಲ್ಲ, ಅವು ಮಹಾ ಕಿಲಾಡಿಗಳು. ಕಪ್ಪು ನೆಲದ ಮೇಲೆ ಕಪ್ಪು ಅಕ್ಷರ ಬರೆದು ಸುಮ್ಮನೆ ಕೂತಿರುತ್ತವೆ. ಬಟನ್ ಎಲ್ಲಿದೆ ಅಂತ ಬೆರಳಿನಲ್ಲಿ ತಡಕಬೇಕು. ಕೇಳಿದರೆ ‘ಆಟೋಮ್ಯಾಟಿಕ್’ ಅನ್ನುತ್ತಾರೆ. ಯಾರಪ್ಪಾ ನಿಮ್ಮನ್ನು ಊಹೆ ಮಾಡಿ ಅಂದವರು? ಒಂದು ಮಾತು ಬಾಯಿಬಿಟ್ಟು ಕೇಳಿದರೆ ಗಂಟು ಹೋಗುತ್ತದಾ?

ಇರಲಿ. ಗುಟ್ಟು ಸಿಕ್ಕಿತು ಅಂತ ಖುಷಿಯಾಯಿತು. ನಾಗರಾಜರಿಗೆ ಫೋನ್ ಹಚ್ಚಿದೆ.

“ನಾಗರಾಜಣ್ಣ, ಒಂದೇ ಪ್ರಶ್ನೆ. ನಿಮ್ಮ ಕಂಪ್ಯೂಟರ್ ಕಪ್ಪಾ, ಬಿಳಿಯಾ?”

“ಎಂತ?”

“ಥೀಮು. ಡಾರ್ಕಾ ಲೈಟಾ?”

ಆ ಕಡೆ ಕುರ್ಚಿ ಎಳೆದ ಸದ್ದು. ನೋಡುತ್ತಿದ್ದಾರೆ ಅಂದುಕೊಂಡೆ.

“ಕಪ್ಪು. ಡಾರ್ಕೇ.”

“ಸರಿಯಾಗಿ ನೋಡಿದ್ರಾ?”

“ಏ ಮಾರಾಯ, ಕಣ್ಣೆದುರಿಗಿದೆ. ಕಪ್ಪು ಅಂದ್ರೆ ಕಪ್ಪು. ಅದರ ಮೇಲೆ ಬಿಳಿ ಅಕ್ಷರ. ಇನ್ನೆಂತ ಬೇಕು?”

ಮುಗಿಯಿತು. ಕಪ್ಪು ನೆಲ, ಬಿಳಿ ಅಕ್ಷರ. ಪ್ರಭಾಕರ ಹೇಳಿದ ಲೆಕ್ಕದಲ್ಲಿ ಚಿತ್ತಾರ ಅಲ್ಲಿ ಹೊಳೆಯಬೇಕು. ಹೊಳೆಯುತ್ತಿಲ್ಲ. ಅಂದರೆ?

ಪ್ರಭಾಕರನಿಗೆ ಮತ್ತೆ ಫೋನ್ ಮಾಡಿದರೆ ಅವನೂ ಕೈಚೆಲ್ಲಿದ. “ಡಾರ್ಕ್ ಆಗಿದ್ರೂ ಕಾಣ್ತಿಲ್ಲ ಅಂದ್ರೆ, ಅಣ್ಣ... ಅವರೇ ಡಿಲೀಟ್ ಮಾಡಿರಬೇಕು.”

ಇದನ್ನು ಹೇಳುವಾಗ ಯಶೋದಕ್ಕ ಎದುರಿಗೇ ಕೂತಿದ್ದಾರೆ. ಫೋನ್ ಸ್ಪೀಕರಿನಲ್ಲಿದೆ.

ಆಕೆ ಎದ್ದರು. ಚೀಲ ತೆಗೆದುಕೊಂಡರು. “ನಾಳೆ ಬೆಳಗ್ಗೆ ತೀರ್ಥಹಳ್ಳಿ ಬಸ್ಸಿಗೆ ನಾನು ಬರ್ತೀನಿ. ನೀನೂ ಬಾ” ಎಂದರು. ಕೇಳಿದ್ದಲ್ಲ, ಹೇಳಿದ್ದು.

ಈಗ ನೀವು ಕೇಳಬಹುದು. ಹಿಂದೆ ಒಂದು ಕೆಂಪು ಬಣ್ಣ ಇಟ್ಟು ಇನ್ನೊಂದು ಸಲ ಕಳಿಸಿದ್ದರೆ ಆಗುತ್ತಿರಲಿಲ್ಲವಾ? ಆಗುತ್ತಿತ್ತು. ಆದರೆ ನನ್ನ ಫೈಲ್ ಸರಿಯಿದೆ ಅಂದಮೇಲೆ ನಾನು ಯಾಕೆ ಬದಲಿಸಬೇಕು? ಆ ಹೊತ್ತಿನಲ್ಲಿ ನನಗೆ ಹಾಗೇ ಅನ್ನಿಸಿದ್ದು. ಅನ್ನಿಸಿದ್ದನ್ನೇ ಬರೆಯುತ್ತಿದ್ದೇನೆ.

ಬಸ್ಸು ಕೋಣಂದೂರು ದಾಟಿತು. ಯಶೋದಕ್ಕ ಕಿಟಕಿ ಕಡೆ ನೋಡಿಕೊಂಡೇ ಕೇಳಿದರು. “ಅವ್ರು ನಿಜವಾಗ್ಲೂ ಅಳ್ಸಿದ್ರೆ ಎಂತ ಮಾಡಾಣ?”

“ಕೇಳಾಣ.”

“ಕೇಳಿ? ಮದ್ವೆ ಬಿಡ್ಸಕ್ಕಾಗುತ್ತಾ? ಸುಮಾ ಆ ಹುಡುಗನ್ನ ಒಪ್ಕೊಂಡು ಕೂತಿದಾಳೆ. ಹುಡುಗನೂ ಒಳ್ಳೆಯವ್ನೇ. ಅಳ್ಸಿದೀವಿ ಅಂತ ಅವ್ರು ಹೇಳ್ಬಿಟ್ರೆ, ನಾನು ಅದನ್ನ ಕೇಳಿಸ್ಕೊಂಡು ಸುಮ್ನೆ ಮಗಳನ್ನ ಕೊಡ್ಬೇಕು. ಅದಕ್ಕಿಂತ ಹೋಗ್ದೇ ಇರೋದೇ ಒಳ್ಳೇದೇನೋ.”

ಬಸ್ಸು ಅಷ್ಟರಲ್ಲಿ ತಿರುವಿನಲ್ಲಿ ಹಾರ್ನ್ ಹೊಡೆಯಿತು, ನಾನು ಕೇಳಿಸದವನ ಹಾಗೆ ಕೂತೆ.

ನಾಗರಾಜರ ಅಂಗಡಿಯ ಹಿಂದೆಯೇ ಅವರ ಮನೆ. ನಮ್ಮನ್ನು ಕಂಡು ಶಾರದಮ್ಮ ಬಾಗಿಲಿಗೆ ಬಂದರು. “ಬಂದ್ರಾ” ಎಂದರು. ಯಶೋದಕ್ಕ “ಹ್ಞೂಂ” ಎಂದರು. ಬೀಗಿತ್ತಿಯರ ಉಭಯಕುಶಲೋಪರಿ ಅಲ್ಲಿಗೆ ಮುಗಿಯಿತು. ಒಬ್ಬರು ಬಾಗಿಲಿಗೆ ಒರಗಿ ನಿಂತರು, ಇನ್ನೊಬ್ಬರು ಜೆರಾಕ್ಸ್ ಮೆಷಿನ್ನಿಗೆ ಒರಗಿ ನಿಂತರು.

“ತೋರ್ಸಿ” ಎಂದೆ.

ನಾಗರಾಜ ಫೈಲ್ ತೆರೆದರು. ಅಪ್ಪಟ ಬಿಳಿ! ಕೆಳಗೆ ಚಿನ್ನದ ಅಕ್ಷರ, ಮೇಲೆ ಹಾಲು ಚೆಲ್ಲಿದ ಹಾಗೆ ಖಾಲಿ.

“ನೋಡಿ. ನಾನೇನು ಸುಳ್ಳು ಹೇಳಿದ್ನಾ?”

“ಡಾರ್ಕ್ ಅಂದ್ರಲ್ಲ ಮಾರಾಯ್ರೆ! ಇದು ಬೆಳ್ಳಗಿದೆ!”

“ಡಾರ್ಕೇ ಅಲ್ವಾ? ಇದೆಂತ ಮತ್ತೆ?” ಎಂದು ನಾಗರಾಜ ಬೆರಳು ಇಟ್ಟಿದ್ದು ಎಲ್ಲಿಗೆ ಗೊತ್ತಾ? ಸ್ಕ್ರೀನಿನ ತೀರಾ ಕೆಳಗೆ, ಗಡಿಯಾರ, ಬ್ಯಾಟರಿ, ಸಣ್ಣ ಸಣ್ಣ ಚಿತ್ರ ಇರುವ ಪಟ್ಟಿ ಇದೆಯಲ್ಲ, ಅದಕ್ಕೆ. ಅದು ಕಪ್ಪು. ಅದರ ಮೇಲೆ ಗಂಟೆ ಬೆಳ್ಳಗೆ. ಅದರ ಮೇಲಿನ ವಿಂಡೋ, ಅಂದರೆ ಸ್ಕ್ರೀನಿನ ಕಿಟಕಿಗಳೆಲ್ಲ ಸುಣ್ಣ ಹೊಡೆದಷ್ಟು ಬಿಳಿ!

ಅವರು ಸುಳ್ಳು ಹೇಳಿರಲಿಲ್ಲ. ಕಪ್ಪು ಅಂದಿದ್ದು ನಿಜ, ಬಿಳಿ ಅಕ್ಷರ ಅಂದಿದ್ದೂ ನಿಜ. ಆದರೆ ಆ ಕಂಪ್ಯೂಟರಿಗೆ ಎರಡು ಮೈಬಣ್ಣ. ಪಟ್ಟಿಗೆ ಒಂದು ಸೆಟ್ಟಿಂಗು, ಕಿಟಕಿಗಳಿಗೆ ಇನ್ನೊಂದು ಸೆಟ್ಟಿಂಗು. ಪ್ರೋಗ್ರಾಂ ಕೇಳಿದ್ದು ಕಿಟಕಿಯ ಬಣ್ಣ, ನಾಗರಾಜ ನೋಡಿ ಹೇಳಿದ್ದು ಪಟ್ಟಿಯ ಬಣ್ಣ. ಇಂಥ ಅರೆಬರೆ ವೇಷವನ್ನು ಕಂಡುಹಿಡಿದ ಮಹಾನುಭಾವ ಯಾರೋ ಏನೋ. ನನ್ನ ಕೈಗೆ ಸಿಕ್ಕಿದ್ದರೆ ಅವನಿಗೆ ಅರ್ಧ ಮೀಸೆ ಬೋಳಿಸಿ ‘ನಿನಗೆ ಮೀಸೆ ಇದೆಯಾ, ಇಲ್ಲವಾ’ ಅಂತ ಕೇಳುತ್ತಿದ್ದೆ.

ಸೆಟ್ಟಿಂಗಿಗೆ ಹೋಗಿ ಕಿಟಕಿಗಳನ್ನೂ ಡಾರ್ಕ್ ಮಾಡಿದೆ. ಫೈಲ್ ಮುಚ್ಚಿ ತೆರೆದೆ.

ಬಂತು! ತ್ರಿಕೋನದ ಮೈಯ ಗಂಡು ಹೆಣ್ಣು, ಅವರ ಮೇಲೆ ದಂಡಿಗೆ ಅಂದರೆ ಪಲ್ಲಕ್ಕಿ, ಸುತ್ತ ಎಳೆ ಎಳೆ ಎಳೆ. ನಾಗರಾಜ ಕುರ್ಚಿಯಿಂದ ಅರ್ಧ ಎದ್ದರು. “ಅಯ್ಯೋ ಶಿವನೆ, ಇಷ್ಟು ದೊಡ್ಡದು ಇತ್ತಾ ಇದರಲ್ಲಿ!”

ನಾನು ಗೆದ್ದವನ ಹಾಗೆ ಯಶೋದಕ್ಕನ ಮುಖ ನೋಡಿದೆ. ಆಕೆಯ ಮುಖ ಇನ್ನಷ್ಟು ಗಂಟಿಕ್ಕಿತ್ತು.

“ಇದೆಂತದು?”

“ನಿಮ್ಮದೇ ಯಶೋದಕ್ಕ! ಸಿಕ್ತಲ್ಲ!”

“ಗೆರೆ ನಂದೇ. ಕಪ್ಪು ಯಾರದ್ದು? ಮದ್ವೆ ಮನೆ ಗೋಡೆಗೆ ಯಾರಾದ್ರೂ ಮಸಿ ಬಳ್ದು ಚಿತ್ತಾರ ಬರೀತಾರಾ? ನಾನು ಕೆಮ್ಮಣ್ಣು ಬಳ್ದು ಕೊಟ್ಟಿದ್ದೆ. ಅದೆಲ್ಲಿ?”

“ಅದನ್ನ... ತೆಗೆದೆ. ಕಾರ್ಡೇ ಕೆಂಪಲ್ವಾ, ಅದಕ್ಕೆ...”

“ತೆಗೆದ್ಯಾ? ನೆಲ ತೆಗೆದು ಗೆರೆ ಮಾತ್ರ ಕಳಿಸಿದ್ಯಾ? ಮತ್ತೆ ಅವರಿಗೆ ಎಲ್ಲಿ ಕಾಣ್ಬೇಕು ಅದು? ಗಾಳಿ ಮೇಲಾ?”

ನಾಗರಾಜ ಈಗ ಪೂರ್ತಿ ಎದ್ದು ನಿಂತರು. “ಹಂಗಾರೆ ತಪ್ಪು ನಿಮ್ದೇ ಮಾರಾಯ್ರೆ! ನಾನು ನಿನ್ನೆಯಿಂದ ಬಡ್ಕೊಳ್ತಿದೀನಿ.”

ತಪ್ಪು ಅಂತ ನಾನು ಒಪ್ಪಲಿಲ್ಲ. ಪ್ರೆಸ್ಸಿನವರು ಹೇಳಿದ್ದನ್ನು ಮಾಡಿದೆ, ಈಗಲೂ ಅದನ್ನೇ ಹೇಳುತ್ತೇನೆ. ಆದರೆ ಒಳಗೊಳಗೆ ಒಂದು ಚುಚ್ಚಿತು. ಬೋರ್ಡ್ ಬರೆಯಲು ಕೂತವನು ಮೊದಲು ನೆಲ ಹೊಡೆಯುತ್ತಾನೆ. ನೀಲಿಯೋ, ಹಳದಿಯೋ, ಮೊದಲು ನೆಲ. ಅದು ಒಣಗುವವರೆಗೆ ಅಕ್ಷರದ ಮಾತಿಲ್ಲ. ಜೀವಮಾನವಿಡೀ ಹಾಗೆ ಮಾಡಿದವ ನಾನು. ಮೌಸ್ ಹಿಡಿದ ಮೇಲೆ, ಬ್ಯಾಕ್‌ಗ್ರೌಂಡ್ ತೆಗೆಯುವುದೇ ದೊಡ್ಡ ವಿದ್ಯೆ ಅಂತ ಕಲಿತು, ನೆಲವನ್ನೇ ಕಿತ್ತು ಗೆರೆಯನ್ನು ಬಸ್ ಹತ್ತಿಸಿದ್ದೆ.

ಕುರ್ಚಿ ಎಳೆದುಕೊಂಡು ಕೂತೆ. ನಾಗರಾಜರ ಕಂಪ್ಯೂಟರಿನಲ್ಲೇ ಗೆರೆಗಳ ಹಿಂದೆ ಕುಂಕುಮಗೆಂಪು ಇಟ್ಟೆ. “ಸ್ವಲ್ಪ ಮಣ್ಣಿನ ಬಣ್ಣ ಬರ್ಲಿ” ಎಂದರು ಯಶೋದಕ್ಕ. ಕೊಂಚ ಮಂಕು ಮಾಡಿದೆ. “ಹಾಂ. ಹಂಗೆ.” ಇದು ಎಲ್ಲರೂ ನೋಡಿ ಒಪ್ಪುವುದಕ್ಕೆ. ಪ್ರೆಸ್ಸಿಗೆ ನೆಲ ಇಲ್ಲದ್ದು, ಮನುಷ್ಯರಿಗೆ ನೆಲ ಇರುವುದು. ಎರಡು ಫೈಲ್. ಮೊದಲೇ ಮಾಡಬೇಕಿತ್ತು. ಡಾರ್ಕ್ ತೆಗೆದು ಲೈಟ್ ಮಾಡಿ ತೆರೆದೆ. ಚಿತ್ತಾರ ಅಲುಗಲಿಲ್ಲ. ಲೈಟ್ ತೆಗೆದು ಡಾರ್ಕ್ ಮಾಡಿದೆ. ಅಲುಗಲಿಲ್ಲ. ಕೆಂಪು ಕೆಂಪಾಗಿಯೇ ಇತ್ತು. ಈಗ ಪ್ರೋಗ್ರಾಂ ಯಾರನ್ನು ಬೇಕಾದರೂ ಕೇಳಿಕೊಳ್ಳಲಿ!

ಇಷ್ಟಾದರೂ ಬಾಗಿಲಿಗೆ ಒರಗಿದ್ದ ಶಾರದಮ್ಮ ಅಲ್ಲೇ ಇದ್ದರು. ‘ಬರೀದೇ ಇದ್ದಿದ್ದು’ ಅಂದ ಬಾಯಿ. ಯಶೋದಕ್ಕನೂ ಅವರ ಕಡೆ ನೋಡಲಿಲ್ಲ. ‘ಅಳಿಸಿ ಹಾಕಿದ್ರಿ’ ಅಂದ ಬಾಯಿ. ಚಿತ್ರ ಸರಿಯಾಯಿತು, ಸರಿ. ಈ ಎರಡು ಬಾಯಿಗಳ ಮಧ್ಯೆ ನಾನು ಯಾವ ಬಣ್ಣ ಇಡಲಿ?

ನಾಗರಾಜರೇ ಕರೆದರು. “ಅತ್ತಿಗೆ, ಬಂದು ನೋಡಿ ಒಂಚೂರು. ನಾಳೆ ನೋಡ್ಲಿಲ್ಲ ಅನ್ಬೇಡಿ.”

ಶಾರದಮ್ಮ ಬಂದರು. ಕನ್ನಡಕ ಹಾಕಿಕೊಂಡರು. ಸ್ಕ್ರೀನಿನ ಹತ್ತಿರ ಬಗ್ಗಿದರು. ತುಂಬ ಹೊತ್ತು ನೋಡಿದರು. ತಪ್ಪಾಯಿತು ಅನ್ನುತ್ತಾರೆ, ಕಣ್ಣೊರೆಸಿಕೊಳ್ಳುತ್ತಾರೆ ಅಂತ ನಾನು ಕಾದೆ.

“ದಂಡಿಗೆ ಕೆಳಗೆ ಈ ಎಳೆ ಒಂದು ಕಮ್ಮಿ ಆಯ್ತಲ್ಲ” ಎಂದರು.

ನಾನು ಮೌಸಿನಿಂದ ಕೈ ತೆಗೆದೆ.

ಯಶೋದಕ್ಕ ಜೆರಾಕ್ಸ್ ಮೆಷಿನ್ ಬಿಟ್ಟು ಬಂದರು. “ಯಾವ ಎಳೆ?”

“ಇದು. ನಮ್ಮ ಅಮ್ಮನ ಮನೇಲಿ ಇಲ್ಲಿ ಮೂರು ಎಳೀತಿದ್ರು.”

“ನಿಮ್ಮ ಅಮ್ಮನ ಮನೆ ಯಾವ ಕಡೆ?”

“ಕೆಳದಿ ಹತ್ರ.”

“ಅದಕ್ಕೆ. ಸಾಗರದ ಕಡೆಯವ್ರು ಮೂರು ಎಳೀತಾರೆ. ನಾವು ಎರಡೇ. ಮೂರು ಎಳೆದ್ರೆ ಭಾರ ಆಗುತ್ತೆ.”

“ಎರಡೇ ಎಳೆದ್ರೆ ಬಡವಾಗಿ ಕಾಣುತ್ತೆ.”

“ಬಡವಾಗಿ ಕಾಣುತ್ತಾ? ಇದಾ? ಕನ್ನಡಕ ಒರೆಸ್ಕೊಂಡು ನೋಡಿ ಒಂದ್ಸಲ.”

ಇಬ್ಬರೂ ಒಂದೇ ಸ್ಕ್ರೀನಿಗೆ ಬಗ್ಗಿ ನಿಂತರು. ಒಬ್ಬರ ಬೆರಳು ಇಲ್ಲಿ, ಇನ್ನೊಬ್ಬರ ಬೆರಳು ಅಲ್ಲಿ. ನನ್ನ ಕುರ್ಚಿಯನ್ನು ಇಬ್ಬರೂ ಸೇರಿ ಪಕ್ಕಕ್ಕೆ ತಳ್ಳಿದ್ದು ನನಗೆ ಗೊತ್ತಾಗಿದ್ದು ಗೋಡೆ ತಾಗಿದ ಮೇಲೆ. ನಾಗರಾಜ ನನ್ನ ಕಿವಿಯ ಹತ್ತಿರ ಬಂದು, “ಕಾಣ್ದೇ ಇದ್ದಾಗಲೇ ಆರಾಮಿತ್ತು ಮಾರಾಯ್ರೆ” ಎಂದರು.

ಮಾತು ಗೋಡೆಗೆ ಬಂತು. ಹೆಣ್ಣಿನ ಮನೆಯಲ್ಲಿ ಹಸೆ ಗೋಡೆ ಯಾರು ಬರೆಯುತ್ತಾರೆ ಎಂದು ಶಾರದಮ್ಮ ಕೇಳಿದರು. ಯಶೋದಕ್ಕ ತಮ್ಮ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು, “ಯಾರೂ ಇಲ್ಲ. ಕೈ ಏಳಲ್ಲ. ಅದಕ್ಕೇ ಈ ಕಾರ್ಡಿನ ಮೇಲೆ ಬಿದ್ದಿದ್ದು ನಾನು” ಎಂದರು. ಮೊದಲ ಸಲ ಅವರ ದನಿ ಸಣ್ಣದಾಯಿತು.

ಶಾರದಮ್ಮ ಕನ್ನಡಕ ತೆಗೆದರು. ಆ ಭುಜವನ್ನು ನೋಡಿದರು.

“ಇದನ್ನ ನಿನ್ನೆ ಫೋನಲ್ಲಿ ಹೇಳ್ಬಾರ್ದಿತ್ತಾ?”

“ನಿನ್ನೆ ನೀವು ಹೇಳಕ್ಕೆ ಬಿಟ್ರಾ?”

“ಹೋಗ್ಲಿ ಬಿಡಿ. ಕೈ ಎತ್ತಕ್ಕಾಗ್ದಿದ್ರೆ ಎಂತಾಯ್ತು, ಬಾಯಿ ಎತ್ತಕ್ಕೆ ಬರುತ್ತಲ್ಲ ನಿಮಗೆ! ಮದ್ವೆಗೆ ಮುಂಚೆ ನಾನೇ ಬರ್ತೀನಿ. ನೀವು ಕುರ್ಚಿ ಹಾಕ್ಕೊಂಡು ಕೂತು ಹೇಳಿ, ನಾನು ಬರೀತೀನಿ.”

ಯಶೋದಕ್ಕ ಸ್ಕ್ರೀನಿನ ಚಿತ್ತಾರವನ್ನು ಇನ್ನೊಮ್ಮೆ ನೋಡಿದರು. ಆಮೇಲೆ ಹೇಳಿದರು. “ಅಡ್ಡಿಲ್ಲ. ಆದ್ರೆ ಎಳೆ ಎರಡೇ.”

“ಅದನ್ನ ಗೋಡೆ ಹತ್ರ ನೋಡಾಣ” ಎಂದು ಶಾರದಮ್ಮ ಕಾಫಿ ಮಾಡಲು ಒಳಗೆ ಹೋದರು. ಯಶೋದಕ್ಕ ಅವರ ಹಿಂದೆಯೇ ಹೋದರು. ಒಳಗಿನಿಂದ ಎರಡಾ ಮೂರಾ ಅನ್ನುವ ವಾದ ಕೇಳುತ್ತಲೇ ಇತ್ತು. ಕಾರ್ಡು ಆ ಸಂಜೆಯೇ ಪ್ರೆಸ್ಸಿಗೆ ಹೋಯಿತು, ಚಿತ್ತಾರದ ಸಮೇತ.

ನನಗೆ ಸಿಟ್ಟು ಇನ್ನೂ ಇಳಿದಿಲ್ಲ. ಕಂಪ್ಯೂಟರಿನ ಮೇಲಿದ್ದ ಸಿಟ್ಟು ಅರ್ಧ ಇಳಿದಿದೆ, ಅಷ್ಟೇ. ಅದಾದರೂ ಬಣ್ಣ ಇಡುವ ಮೊದಲು ‘ನೀನು ಲೈಟಾ, ಡಾರ್ಕಾ’ ಅಂತ ಒಂದು ಮಾತು ವಿಚಾರಿಸುತ್ತದಂತೆ. ತಪ್ಪು ಕಡೆ ವಿಚಾರಿಸಿದರೂ ವಿಚಾರಿಸುತ್ತದೆ. ನಾವು? ನನಗೆ ಕಂಡಿತು, ಆದ್ದರಿಂದ ಇದೆ. ಅವರಿಗೆ ಕಾಣಲಿಲ್ಲ, ಆದ್ದರಿಂದ ಇಲ್ಲ. ಮಧ್ಯದಲ್ಲಿ ಒಬ್ಬ ಸುಳ್ಳ, ಒಬ್ಬ ಕಳ್ಳ. ಒಂದು ಹಗಲು ಸಾಕಾಯಿತು ಇಷ್ಟಕ್ಕೆ.

ನನಗೆ ಕಾಣುತ್ತಿರುವುದು ನಿಮಗೂ ಕಾಣುತ್ತಿದೆಯಾ ಅಂತ ಕೇಳುವುದಕ್ಕೆ ನಾವು ಬಸ್ಸು ಹತ್ತಿ ತೀರ್ಥಹಳ್ಳಿಗೇ ಹೋಗಬೇಕಾ?